ಉಪಾಧ್ಯಾಯ ವೃತ್ತಿಯೂ ಉನ್ನತ ಪದವಿಯೂ

ಸಕಲೇಶಪುರ ಆಲೂರು ಸೀಮೆಯ ಕಾಫಿತೋಟಗಳ ನಡುವೆ ಒಬ್ಬಿಬ್ಬರು ಉಪಾಧ್ಯಾಯರಿಂದಲೇ ನಡೆಯುವ ಸಣ್ಣ ಶಾಲೆಗಳುಂಟು. ಅಲ್ಲಿಯ ತರುಣ ಉಪಾಧ್ಯಾಯರೊಬ್ಬರು ಕಾಲವನ್ನೂ ಹಣವನ್ನೂ ವೆಚ್ಚಮಾಡಿ ಮೇಲಿನ ಪದವಿಯನ್ನು ಪಡೆಯಬೇಕೆ ಎಂದು ಕೇಳಿದರೆ, ನಾವು ಏನೆಂದು ಉತ್ತರಕೊಡಬೇಕು?

ಏರಬೇಕೆಂದಿರುವ ಮೆಟ್ಟಿಲು ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಪ್ರೌಢಶಾಲೆಯ ಹುದ್ದೆಗೆ ವಿದ್ಯಾರ್ಹತೆಯೆಂದು ಕೇಳುವುದು ಪದವಿಯನ್ನೂ ಬಿ.ಎಡ್. ತರಬೇತಿಯನ್ನೂ, ಅಲ್ಲಿ ಎಂ.ಎ. ಭೂಷಣವೇ ಹೊರತು ಅಗತ್ಯವಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಿಗಾದರೋ ಬೋಧಿಸುವ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕೇಬೇಕು. ಪ್ರಥಮದರ್ಜೆ ಕಾಲೇಜಿಗೆ ಸಾಮಾನ್ಯವಾಗಿ ಶೇಕಡ 55 ಅಂಕಗಳ ಸ್ನಾತಕೋತ್ತರ ಪದವಿಯೊಡನೆ ನೆಟ್ ಅಥವಾ ಕೆಸೆಟ್ ಪರೀಕ್ಷೆಯ ತೇರ್ಗಡೆಯೂ ಬೇಕು. ಸಹಾಯಕ ಪ್ರಾಧ್ಯಾಪಕರಾಗಲು ಡಾಕ್ಟರೇಟು ಕಡ್ಡಾಯವಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2023ರಲ್ಲಿ ವಿಧಿಸಿತು. ಅದಕ್ಕೂ ಮೇಲಿನ ಹುದ್ದೆಗಳಿಗೆ ಅದು ಬೇಕು.

ಎಂ.ಎಡ್. ಪದವಿಯು ಮುಖ್ಯವಾಗಿ ಉಪಾಧ್ಯಾಯರನ್ನು ತರಬೇತುಗೊಳಿಸುವ ವಿದ್ಯಾಲಯಗಳ ಬಾಗಿಲನ್ನು ತೆರೆಯುವುದು. ಇತಿಹಾಸದ ಉಪನ್ಯಾಸಕರಾಗಬಯಸುವವರಿಗೆ ಅದು ಎಂ.ಎ.ಗೆ ಬದಲಾಗದು. ಈ ಭೇದವನ್ನರಿಯದೆ ಎರಡು ವರ್ಷಗಳನ್ನು ಕಳೆದವರಿಗೆ ಆ ಕಾಲವು ಮರಳಿ ಬಾರದು.

ಕೆಲಸವನ್ನು ಬಿಡದೆಯೇ ಎಂ.ಎ. ಓದಬಯಸುವವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾರ್ಗವುಂಟು. ಸರ್ಕಾರಿ ನೌಕರರು ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯುವುದು ಕ್ಷೇಮ.

ಇನ್ನೊಂದು ಮಾತು. ಮೇಲಿನ ಹುದ್ದೆಗಳಲ್ಲಿ ಬಹುಪಾಲು ಪಟ್ಟಣದಲ್ಲಿರುವುವು. ಏರಿದವರು ಮಲೆನಾಡನ್ನು ಬಿಡಬೇಕಾಗಬಹುದು. ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಮಗುವಿಗೆ ಓದು ಕಲಿಸುವ ಜಾಣ್ಮೆಯನ್ನು ಪದವಿಯೊಂದೇ ಕೊಡಲಾರದು. ಅದು ತರಗತಿಯಲ್ಲಿಯೇ ಬೆಳೆಯತಕ್ಕದ್ದು. ಹುದ್ದೆ ಬೇಕಾದವರು ಪದವಿಯನ್ನು ಪಡೆಯಲಿ. ಇರುವ ಶಾಲೆಯಲ್ಲಿಯೇ ತೃಪ್ತಿಯುಳ್ಳವರು ತಮ್ಮನ್ನು ಕೀಳೆಂದೆಣಿಸಬೇಕಾಗಿಲ್ಲ.