ಸೋಲ್ಡರಿಂಗ್ ಸ್ಟೇಷನ್ ಕೊಳ್ಳುವ ಮುನ್ನ: ವ್ಯಾಟ್ ಒಂದನ್ನೇ ನೋಡಿದರೆ ಸಾಲದು

ಆರ್ಡುಯಿನೊ ಬೋರ್ಡು, ಸೆನ್ಸರ್, ರಿಲೇ, ಪುಟ್ಟ ಮೋಟಾರು ಇವೆಲ್ಲ ಇಂದು ಅಂಚೆಯಲ್ಲಿಯೋ ಕೊರಿಯರ್‌ನಲ್ಲಿಯೋ ಹೂವಿನಹಡಗಲಿಯ ಮನೆಬಾಗಿಲಿಗೂ ಬಂದು ಬೀಳುತ್ತವೆ. ಅವನ್ನು ಒಂದಕ್ಕೊಂದು ಬೆಸೆಯುವ ಉಪಕರಣದ ಬಗ್ಗೆ ಮಾತ್ರ ಸರಿಯಾದ ಸಲಹೆ ಸಿಗುವುದು ಕಷ್ಟ. ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಯ ಹವ್ಯಾಸಿಗಳು ನಾಲ್ಕಾರು ಮಾದರಿಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂದರೆ ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿಯತ್ತ ಮುಖ ಮಾಡಬೇಕು. ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕು. ಹೀಗಾಗಿ ಚಿತ್ರ ಮತ್ತು ಬೆಲೆ ನೋಡಿ ತರಿಸಿಕೊಳ್ಳುವವರೇ ಹೆಚ್ಚು. ಮಹಾನಗರದ ಹವಾನಿಯಂತ್ರಿತ ಕೋಣೆಗೆ ಹೊಂದುವ ಸಲಹೆ ಇಲ್ಲಿಗೆ ಪೂರ್ತಿಯಾಗಿ ಹೊಂದುವುದೂ ಇಲ್ಲ. ಕಾರಣಗಳು ವಿದ್ಯುತ್ತಿನಲ್ಲಿ, ಅರ್ಥಿಂಗಿನಲ್ಲಿ ಮತ್ತು ಬಿಡಿಭಾಗಗಳ ಲಭ್ಯತೆಯಲ್ಲಿವೆ.

ಬೆಸುಗೆಯ ತತ್ವ ನಮ್ಮ ಜನರಿಗೆ ಹೊಸದೇನಲ್ಲ. ಹಿಂದೆ ಊರೂರು ಸುತ್ತುತ್ತಿದ್ದ ಕಲಾಯಿಗಾರ ತಿದಿಯೊತ್ತಿ ಪಾತ್ರೆಯನ್ನು ಮೊದಲು ಕಾಯಿಸುತ್ತಿದ್ದ, ನವಸಾಗರದ ಪುಡಿ ಎರಚಿ ಲೋಹದ ಮೇಲಿನ ಕಿಲುಬು ಕಳೆಯುತ್ತಿದ್ದ, ಅನಂತರವೇ ತವರವನ್ನು ತಾಗಿಸಿ ಹತ್ತಿಯಿಂದ ಸವರುತ್ತಿದ್ದ. ಎಲೆಕ್ಟ್ರಾನಿಕ್ಸ್ ಬೆಸುಗೆಯಲ್ಲಿ ನವಸಾಗರದ ಜಾಗದಲ್ಲಿ ರಾಳ ಇದೆ. ಸೋಲ್ಡರ್ ತಂತಿಯ ಒಡಲಲ್ಲೇ ಅದು ತುಂಬಿರುತ್ತದೆ. ಉಳಿದ ಕ್ರಮವೆಲ್ಲ ಒಂದೇ. ಕಾಯಬೇಕಾದದ್ದು ಬೆಸೆಯುವ ಲೋಹ. ಅದು ಕಾದ ಮೇಲೆ ಸೋಲ್ಡರ್ ತಾನಾಗಿ ಹರಿಯುತ್ತದೆ. ಬಿಟ್ಟಿನ ತುದಿಯಲ್ಲಿ ಸೋಲ್ಡರ್ ಕರಗಿಸಿ ತಣ್ಣನೆಯ ತಂತಿಯ ಮೇಲೆ ಹನಿಸಿದರೆ ಅಂಟಿದಂತೆ ಕಾಣುತ್ತದೆ, ಆದರೆ ಹಿಡಿಯುವುದಿಲ್ಲ.

ವೋಲ್ಟೇಜ್ ಇಳಿದಾಗ ಏನಾಗುತ್ತದೆ?

ನಮ್ಮ ರಿಪೇರಿ ಅಂಗಡಿಗಳಲ್ಲಿ ದಶಕಗಳಿಂದ ಕಾಣುವುದು 25 ವ್ಯಾಟಿನ ಸಾದಾ ಐರನ್. ಸೋಲ್ಡ್ರಾನ್ ಎಂಬ ಹೆಸರು ಭಾರತದ ಹವ್ಯಾಸಿಗಳಿಗೆ ಚಿರಪರಿಚಿತ. ಕೆಲವು ನೂರು ರೂಪಾಯಿಗೆ ದೊರೆಯುವ ಈ ಐರನ್‌ನಲ್ಲಿ ತಾಪ ನಿಯಂತ್ರಣ ಇರುವುದಿಲ್ಲ. ಪ್ಲಗ್ ಹಾಕಿದರೆ ಕಾಯುತ್ತಲೇ ಹೋಗಿ, ಗಾಳಿಗೆ ಕಳೆದುಕೊಳ್ಳುವ ಶಾಖವೂ ಒಳಗೆ ಹುಟ್ಟುವ ಶಾಖವೂ ಸಮವಾದಲ್ಲಿ ನಿಲ್ಲುತ್ತದೆ. ಆ ನಿಲುಗಡೆ ಎಲ್ಲಿ ಎಂಬುದನ್ನು ನಿರ್ಧರಿಸುವುದು ನಿಮ್ಮ ಮನೆಯ ವೋಲ್ಟೇಜ್.

ಶಾಲೆಯಲ್ಲಿ ಕಲಿತ ಸೂತ್ರವನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಕಾಯಿಸುವ ತಂತಿಯ ರೋಧ ಹೆಚ್ಚುಕಡಿಮೆ ಬದಲಾಗದೆ ಇರುವುದರಿಂದ ವ್ಯಾಟ್ ಎಂಬುದು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 25 ವ್ಯಾಟ್ ಕೊಡುವ ಐರನ್, ಪಂಪ್‌ಸೆಟ್‌ಗಳ ಹೊರೆ ಬಿದ್ದು ಲೈನಿನ ತುದಿಯಲ್ಲಿ 180 ವೋಲ್ಟ್ ಮಾತ್ರ ಉಳಿದಾಗ ಕೇವಲ 15 ವ್ಯಾಟ್ ಕೊಡುತ್ತದೆ. ಅದೇ ಐರನ್ ನಡುರಾತ್ರಿ 250 ವೋಲ್ಟ್ ಬಂದಾಗ 30 ವ್ಯಾಟಿನ ಸಮೀಪಕ್ಕೆ ಏರುತ್ತದೆ. ಸಂಜೆ ಬೆಸುಗೆ ಹಿಡಿಯಲಿಲ್ಲ, ರಾತ್ರಿ ಬೋರ್ಡಿನ ತಾಮ್ರದ ಪದರವೇ ಕಿತ್ತು ಬಂತು ಎಂದರೆ ಅದನ್ನು ಕಲಿಯುವವನ ಕೈಯ ದೋಷವೆಂದೇ ತಿಳಿಯಬೇಕಿಲ್ಲ. ಫ್ಯಾನ್ ರೆಗ್ಯುಲೇಟರ್ ಜೋಡಿಸಿ ಇದನ್ನು ಸರಿಪಡಿಸಲು ಹೋಗುವವರಿದ್ದಾರೆ. ರೆಗ್ಯುಲೇಟರ್ ಶಕ್ತಿಯನ್ನು ತಗ್ಗಿಸಬಲ್ಲದು. ಬಿಟ್ಟು ಎಷ್ಟು ಕಾದಿದೆ ಎಂಬುದು ಅದಕ್ಕೆ ತಿಳಿಯದು.

ಸ್ಟೇಷನ್ನಿಗೂ ಐರನ್ನಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಸ್ಟೇಷನ್ನಿನ ಹಿಡಿಯೊಳಗೆ ತಾಪವನ್ನು ಅಳೆಯುವ ಸೆನ್ಸರ್ ಒಂದಿರುತ್ತದೆ. ಬಿಟ್ಟು ತಣ್ಣಗಾದೊಡನೆ ಪೂರ್ಣ ಶಕ್ತಿ ಹರಿಸಿ, ನಿಗದಿಪಡಿಸಿದ ತಾಪ ಬಂದೊಡನೆ ತಡೆಯುತ್ತದೆ. 60 ವ್ಯಾಟಿನ ಟ್ರಾನ್ಸ್‌ಫಾರ್ಮರ್ ಮಾದರಿಯ ಸ್ಟೇಷನ್ 180 ವೋಲ್ಟಿನಲ್ಲೂ ಸುಮಾರು 37 ವ್ಯಾಟ್ ಕೊಡಬಲ್ಲದು. ಸಣ್ಣ ಬೋರ್ಡಿಗೆ ಇದು ಧಾರಾಳ. ಆದ್ದರಿಂದ 60 ವ್ಯಾಟ್ ಎಂದರೆ ಬೋರ್ಡು ಸುಟ್ಟೀತೆಂಬ ಭಯ ಬೇಡ. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಬಿಸಿ ಎಂದಲ್ಲ, ಕಳೆದುಕೊಂಡ ಬಿಸಿಯನ್ನು ಬೇಗ ತುಂಬಿಕೊಳ್ಳುವ ಸಾಮರ್ಥ್ಯ ಎಂದರ್ಥ.

63 ಭಾಗ ತವರ, 37 ಭಾಗ ಸೀಸ ಇರುವ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೂ ಬಿಟ್ಟನ್ನು 320ರಿಂದ 350 ಡಿಗ್ರಿಗೆ ಇಡುವುದು ವಾಡಿಕೆ. ಬೆಸುಗೆ ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯಬೇಕೆಂಬುದೇ ಇದರ ಉದ್ದೇಶ. ಸೀಸರಹಿತ ಸೋಲ್ಡರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಕರಗಲು 217 ಡಿಗ್ರಿ ದಾಟಬೇಕು. ಐರೋಪ್ಯ ಒಕ್ಕೂಟವು 2006ರ ಜುಲೈನಿಂದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದ ಮೇಲೆ ಕಾರ್ಖಾನೆಯಿಂದ ಬರುವ ಹೆಚ್ಚಿನ ಬೋರ್ಡುಗಳು ಇಂತಹವೇ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಸಲೀಸಾಗಿ ಕೆಲಸ ಮಾಡುವ 25 ವ್ಯಾಟಿನ ಐರನ್ ಹೊಸ ಬೋರ್ಡಿನ ಮುಂದೆ ತಿಣುಕುವುದು ಇದರಿಂದಲೇ.

ಬಿಟ್ಟು ಎಲ್ಲಿ ಸಿಗುತ್ತದೆ?

ಜಪಾನಿನ ಹ್ಯಾಕೋ ಕಂಪನಿಯ 936 ಎಂಬ ಮಾದರಿಯ ತಯಾರಿಕೆ ನಿಂತು ವರ್ಷಗಳಾದವು. ಅದರ ಅನುಕರಣೆಗಳು ಮಾತ್ರ ಇಂದಿಗೂ ನಾನಾ ಹೆಸರುಗಳಲ್ಲಿ ಮಾರಾಟವಾಗುತ್ತಿವೆ. ಅದೇ ಕಂಪನಿಯ ಎಫ್‌ಎಕ್ಸ್-888ಡಿ ಹವ್ಯಾಸಿಗಳಲ್ಲಿ ಒಳ್ಳೆಯ ಹೆಸರು ಪಡೆದ ಸ್ಟೇಷನ್. ಅಸಲಿ ಬೇಕೆಂದರೆ ಹತ್ತು ಸಾವಿರ ರೂಪಾಯಿಯ ಮಾತು. ವಿದ್ಯಾರ್ಥಿಯೊಬ್ಬನ ಮೊದಲ ಸ್ಟೇಷನ್ನಿಗೆ ಅಷ್ಟು ಖರ್ಚು ಅಗತ್ಯವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. 936ರ ಅನುಕರಣೆಗಳಲ್ಲಿ 900ಎಂ ಎಂಬ ಸರಣಿಯ ಬಿಟ್ಟುಗಳು ಹೊಂದುತ್ತವೆ. ಅವು ಅಗ್ಗ, ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಟಿ12 ಎಂಬ ಮಾದರಿಯಲ್ಲಿ ಬಿಟ್ಟು, ಹೀಟರ್, ಸೆನ್ಸರ್ ಮೂರೂ ಒಂದೇ ಕಡ್ಡಿಯಲ್ಲಿವೆ. ಬೇಗ ಕಾಯುತ್ತದೆ, ಬಿಸಿಯನ್ನು ಬೇಗ ತುಂಬಿಕೊಳ್ಳುತ್ತದೆ, ಆದರೆ ಕೆಟ್ಟರೆ ಇಡೀ ಕಡ್ಡಿಯನ್ನೇ ಬದಲಿಸಬೇಕು. ಕೊಟ್ಟೂರಿನಂತಹ ಊರಿನಲ್ಲಿ ಕುಳಿತು ಆರಿಸುವಾಗ ಪರದೆಯ ಅಂಕಿಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬಿಟ್ಟಿನದೇ. ಸ್ಟೇಷನ್ನಿಗಿಂತ ಮೊದಲು ಸವೆಯುವುದು ಅದು. ಸ್ಟೇಷನ್ ಜೊತೆಯಲ್ಲೇ ಎರಡು ಬಿಟ್ಟು ತರಿಸಿಟ್ಟುಕೊಳ್ಳುವುದು ಜಾಣತನ, ಅವುಗಳಲ್ಲೊಂದು ಉಳಿಯಂತೆ ಚಪ್ಪಟೆ ತುದಿಯದಾಗಿರಲಿ. ಪೆಟ್ಟಿಗೆಯ ಜೊತೆ ಬರುವ ಸೂಜಿಮೊನೆ ಬಿಟ್ಟು ನೋಡಲು ನಾಜೂಕು. ಬೆಸೆಯುವ ಜಾಗಕ್ಕೆ ಅದು ತಾಗುವ ಪ್ರದೇಶ ತೀರ ಕಡಿಮೆಯಾದ್ದರಿಂದ ಶಾಖ ದಾಟುವುದಿಲ್ಲ.

ಹಳೆಯ ಅಂಗಡಿಗಳಲ್ಲಿ ಬಿಟ್ಟನ್ನು ಅರದಿಂದ ಉಜ್ಜಿ ಹೊಳಪು ಮಾಡುವುದನ್ನು ಹಲವರು ನೋಡಿರಬಹುದು. ಅದು ಅಚ್ಚ ತಾಮ್ರದ ಬಿಟ್ಟಿಗೆ ಸರಿ. ಸ್ಟೇಷನ್ನಿನ ಬಿಟ್ಟಿಗೆ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪವಿದ್ದು, ಉಜ್ಜಿದರೆ ಅದು ಹೋಗುತ್ತದೆ. ಬಳಿಕ ಒಳಗಿನ ತಾಮ್ರವನ್ನು ಕರಗಿದ ತವರವೇ ತಿಂದುಹಾಕುತ್ತದೆ. ಒದ್ದೆ ಸ್ಪಂಜಿನಿಂದಲೋ ಹಿತ್ತಾಳೆ ನಾರಿನಿಂದಲೋ ಒರೆಸಿ, ಆರಿಸುವ ಮುನ್ನ ತುದಿಗೆ ಒಂದಿಷ್ಟು ಸೋಲ್ಡರ್ ಬಳಿದಿಟ್ಟರೆ ಬಿಟ್ಟು ಬಹುಕಾಲ ಬಾಳುತ್ತದೆ.

ಅಗ್ಗದ ಸ್ಟೇಷನ್ನಿನ ಡಯಲ್ ನಿಜ ಹೇಳುತ್ತದೆಯೇ ಎಂದು ತಿಳಿಯಲು ಬೇರೆ ಉಪಕರಣ ಬೇಕಿಲ್ಲ. 63/37 ಸೋಲ್ಡರ್ ತಂತಿಯನ್ನು ಬಿಟ್ಟಿಗೆ ತಾಗಿಸುತ್ತ ಡಯಲನ್ನು ನಿಧಾನವಾಗಿ ಏರಿಸಿ, ಪ್ರತಿ ಹಂತದಲ್ಲೂ ಸ್ವಲ್ಪ ಕಾಯಿರಿ. 185ರಿಂದ 195ರ ಆಸುಪಾಸಿನಲ್ಲಿ ಕರಗಿದರೆ ಡಯಲ್ ನಂಬಲರ್ಹ. 150ರಲ್ಲೇ ಕರಗಿತೆಂದರೆ ನಿಜವಾದ ತಾಪ ಡಯಲಿಗಿಂತ 30 ಡಿಗ್ರಿಗೂ ಹೆಚ್ಚಿದೆ ಎಂದು ತಿಳಿದು ಅಷ್ಟು ಕಡಿಮೆಗೆ ಇಟ್ಟುಕೊಳ್ಳಬಹುದು.

ಅರ್ಥಿಂಗ್ ಬಗ್ಗೆ ಉದಾಸೀನ ಸಲ್ಲದು

ಎರಡು ಪಿನ್ನಿನ ಪ್ಲಗ್ಗಿನಲ್ಲಿ ಐರನ್ ಬಳಸುವಾಗ ಬೆರಳಿಗೆ ಜುಮ್ಮೆನ್ನುವುದನ್ನು ಅನೇಕರು ಸಹಜವೆಂದೇ ಬಗೆದಿದ್ದಾರೆ. ಅದು ಸೋರುತ್ತಿರುವ ವಿದ್ಯುತ್. ಮನುಷ್ಯನಿಗೆ ಅಪಾಯ ಒಂದೆಡೆಯಾದರೆ, ಬಿಟ್ಟಿನ ಮೂಲಕ ಅದೇ ವಿದ್ಯುತ್ ಮಾಸ್‌ಫೆಟ್‌ನಂತಹ ಸೂಕ್ಷ್ಮ ಬಿಡಿಭಾಗವನ್ನು ಸದ್ದಿಲ್ಲದೆ ಕೊಲ್ಲಬಹುದು. ಈ ಭಾಗದ ಒಣ ಹವೆಯಲ್ಲಿ ಬಟ್ಟೆ, ಪ್ಲಾಸ್ಟಿಕ್ಕುಗಳಿಂದ ಹುಟ್ಟುವ ಸ್ಥಿರ ವಿದ್ಯುತ್ತೂ ಅದಕ್ಕೆ ಸೇರಿಕೊಳ್ಳುತ್ತದೆ. ಸ್ಟೇಷನ್ ಮನೆಗೆ ಬಂದೊಡನೆ, ಗೋಡೆಯ ಸಾಕೆಟ್ಟಿಗೆ ಹಾಕುವ ಮೊದಲೇ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬಿಟ್ಟಿಗೂ ಇನ್ನೊಂದನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಹಿಡಿದು ನೋಡಬೇಕು. ಕೆಲವೇ ಓಮ್ ತೋರಿಸಿದರೆ ಬಿಟ್ಟು ಅರ್ಥ್ ಆಗಿದೆ. ಅಗ್ಗದ ಸ್ಟೇಷನ್ನುಗಳಲ್ಲಿ ಈ ಸಂಪರ್ಕವೇ ಇಲ್ಲದಿರುವುದುಂಟು. ಅಂತಹದನ್ನು ಹಿಂದಿರುಗಿಸುವುದೇ ಲೇಸು. ಮನೆಯ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿಹೋಗಿದ್ದರೆ ಮೂರು ಪಿನ್ ಇದ್ದೂ ಪ್ರಯೋಜನವಿಲ್ಲ. ಆಗಾಗ್ಗೆ ಗುಂಡಿಗೆ ನೀರು ಹಾಕುವ ಹಳೆಯ ರೂಢಿ ಅರ್ಥವಿಲ್ಲದ್ದಲ್ಲ.

ಕರೆಂಟ್ ಪದೇಪದೇ ಹೋಗುವ ಕಡೆ ಯುಎಸ್‌ಬಿ-ಸಿ ತಂತಿಯಲ್ಲಿ ನಡೆಯುವ ಪೆನ್ ಆಕಾರದ ಐರನ್ನುಗಳು ಉತ್ತಮ ಪರ್ಯಾಯ. 2020ರಲ್ಲಿ ಬಂದ ಪೈನ್‌ಸಿಲ್ ಇವುಗಳಲ್ಲಿ ಹೆಸರಾದುದು. ಆದರೆ ಕೈಯಲ್ಲಿರುವ ಮೊಬೈಲ್ ಚಾರ್ಜರ್ ಸಾಕೆಂದು ನಂಬಿ ಕೊಳ್ಳಬಾರದು. 8 ಓಮ್ ರೋಧದ ಬಿಟ್ಟಿಗೆ 20 ವೋಲ್ಟ್ ಕೊಟ್ಟರೆ 50 ವ್ಯಾಟ್ ದೊರೆಯುತ್ತದೆ; 9 ವೋಲ್ಟ್ ಮಾತ್ರ ಕೊಡುವ ಚಾರ್ಜರಿನಲ್ಲಿ ಸಿಗುವುದು 10 ವ್ಯಾಟ್. ಲ್ಯಾಪ್‌ಟಾಪಿಗೆ ಆಗುವಂತಹ, 20 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಇದ್ದವರಿಗೆ ಮಾತ್ರ ಇದು ಲಾಭದ ಬಾಬತ್ತು.

ಮಕ್ಕಳ ಕೈಗೆ ಕೊಡುವಾಗ

ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು 2016ರಲ್ಲಿ ಆರಂಭವಾದ ಬಳಿಕ ಆರನೆಯ ತರಗತಿಯ ಮಕ್ಕಳೂ ಬೆಸುಗೆ ಉಪಕರಣವನ್ನು ಕಾಣುವಂತಾಗಿದೆ. ಪೋಷಕರು ಹೊಗೆಯಲ್ಲಿ ಸೀಸ ಇದೆಯೆಂದು ಹೆದರುತ್ತಾರೆ. 350 ಡಿಗ್ರಿಯಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ಕಾಣುವ ಹೊಗೆ ರಾಳದ್ದು. ಹಾಗೆಂದು ಅದು ನಿರುಪದ್ರವಿಯಲ್ಲ, ಉಬ್ಬಸಕ್ಕೆ ಕಾರಣವಾಗಬಲ್ಲದು. ಕಿಟಕಿ ತೆರೆದು, ಹೊಗೆಯನ್ನು ಮುಖದಿಂದ ಆಚೆ ಎಳೆಯುವಂತೆ ಸಣ್ಣ ಫ್ಯಾನ್ ಇಡಬೇಕು. ಸೀಸ ದೇಹ ಸೇರುವುದು ಕೈಯಿಂದ ಬಾಯಿಗೆ. ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು, ಬೆಸೆಯುತ್ತಲೇ ಮಂಡಕ್ಕಿ ತಿನ್ನುವುದು, ಊಟದ ಜಾಗದಲ್ಲೇ ಕೆಲಸ ಹರಡಿಕೊಳ್ಳುವುದು ಸಲ್ಲದು. ಕೆಲಸ ಮುಗಿದೊಡನೆ ಸೋಪಿನಲ್ಲಿ ಕೈ ತೊಳೆಯಬೇಕು. ಶಾಲೆಗಳು ಕೊಳ್ಳುವುದಾದರೆ ಸೀಸರಹಿತ ತಂತಿಯನ್ನೇ ಆರಿಸುವುದು ಒಳಿತು. ಅದಕ್ಕೆ ತಾಪ ನಿಯಂತ್ರಣವುಳ್ಳ ಸ್ಟೇಷನ್ ಅನಿವಾರ್ಯವಾಗುತ್ತದೆ. ಬೆಲೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ವರ್ಷಕ್ಕೊಮ್ಮೆ ಟಾರ್ಚಿನ ತಂತಿ ಬೆಸೆಯುವವರಿಗೆ ಸಾದಾ ಐರನ್, ಭಾರವಾದ ಸ್ಟ್ಯಾಂಡ್, ಮೂರು ಪಿನ್ನಿನ ಪ್ಲಗ್ ಇಷ್ಟೇ ಸಾಕು. ಬಿಸಿಗಾಳಿ ಊದುವ ರಿವರ್ಕ್ ಸ್ಟೇಷನ್ ಮೊಬೈಲ್ ರಿಪೇರಿಯವರ ಸರಕು. ಹವ್ಯಾಸಿಗೆ ಆರಂಭದಲ್ಲಿ ಬೇಡ. ತಿಂಗಳಿಗೆ ನಾಲ್ಕು ಬಾರಿಯಾದರೂ ಬೋರ್ಡು ಮುಂದಿಟ್ಟುಕೊಂಡು ಕೂರುವವರು ಒಂದೆರಡು ಸಾವಿರ ರೂಪಾಯಿಯ, ಅರ್ಥ್ ಇರುವ, 900ಎಂ ಬಿಟ್ಟು ಹಿಡಿಸುವ ಸ್ಟೇಷನ್ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ 63/37 ಸೋಲ್ಡರ್ ತಂತಿ ಕೊಳ್ಳಬಹುದು. ತಂತಿಯ ದಪ್ಪ 0.8 ಮಿಲಿಮೀಟರ್ ಇದ್ದರೆ ಹೆಚ್ಚಿನ ಕೆಲಸಗಳಿಗೆ ಒದಗುತ್ತದೆ.