ಗ್ಯಾಲರಿಯ ಎರಡು ಗಿಡಗಳು: ತುಳಸಿ ಮತ್ತು ದೊಡ್ಡಪತ್ರೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರಿಗೆ ಅಂಗಳವೆಂಬುದಿಲ್ಲ. ಚಾಳಿನ ಗ್ಯಾಲರಿಯಲ್ಲಿ ಎರಡು ಮೊಳ ಜಾಗ, ಹೋಟೆಲಿನ ಹಿಂಬಾಗಿಲ ಬಳಿ ಒಂದು ಕಟ್ಟೆ, ಇಲ್ಲವೇ ಕಿಟಕಿಯ ಸರಳಿನಾಚೆ ಒಂದು ಹಲಗೆ, ಇಷ್ಟೇ ನಮ್ಮ ತೋಟ. ಆದರೂ ಊರಿನಿಂದ ಹಿಂದಿರುಗುವವರ ಗಂಟಿನಲ್ಲಿ, ಹಪ್ಪಳ ಉಪ್ಪಿನಕಾಯಿಗಳ ನಡುವೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಸಿಯೋ ಗೆಲ್ಲೋ ಒಂದು ಇದ್ದೇ ಇರುತ್ತದೆ. ಬಹುಮಟ್ಟಿಗೆ ಅದು ತುಳಸಿ, ಇಲ್ಲವೇ ದೊಡ್ಡಪತ್ರೆ. ಒಂದೇ ಕುಂಡಕ್ಕೆ ಸ್ಥಳವಿದ್ದರೆ ಎರಡರಲ್ಲಿ ಯಾವುದನ್ನು ಇಡುವುದು ಮೇಲು ಎಂದು ವಾಚಕರು ನಮ್ಮನ್ನು ಕೇಳುವುದುಂಟು. ಹೋಟೆಲು ನಡೆಸುತ್ತಿದ್ದ ವರ್ಷಗಳಲ್ಲಿ ಎರಡನ್ನೂ ಬೆಳೆಸಿದ್ದೇವೆ, ಎರಡನ್ನೂ ಕೊಂದಿದ್ದೇವೆ. ಆದುದರಿಂದ ಈ ಕುರಿತು ನಾಲ್ಕು ಮಾತು ಬರೆಯಲು ನಮಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇವೆ.

ಒಂದೇ ಮನೆತನ

ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಇವೆರಡೂ ದಾಯಾದಿಗಳು. ಪುದೀನವೂ ಅದೇ ಕುಟುಂಬದ್ದು. ತುಳಸಿಗೆ ಶಾಸ್ತ್ರೀಯ ನಾಮಕರಣ ಮಾಡಿದವನು ಲಿನೇಯಸ್, 1753ರಲ್ಲಿ. ದೊಡ್ಡಪತ್ರೆಗೆ 1790ರಲ್ಲಿ ಹೆಸರಿಟ್ಟವನು ಲೋರೇರೊ ಎಂಬ ಪೋರ್ಚುಗೀಸ್ ಪಾದ್ರಿ. ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ತಾನಾಗಿ ಬೆಳೆಯುವ ಈ ಗಿಡಕ್ಕೆ ಆತ ಕೊಟ್ಟದ್ದು ದೂರದ ಅಂಬೋನ್ ದ್ವೀಪದ ಹೆಸರು. ಉಡುಪಿ, ಕುಂದಾಪುರಗಳಿಂದ ಬಂದ ನಮ್ಮನ್ನು ಈ ನಗರವು ‘ಮದ್ರಾಸಿ’ ಎಂದು ಕರೆದುದಕ್ಕಿಂತ ಇದು ಹೆಚ್ಚಿನ ತಪ್ಪೇನೂ ಅಲ್ಲ.

ನೆರೆಯ ಮರಾಠಿ ಗೃಹಿಣಿಯರು ದೊಡ್ಡಪತ್ರೆಯನ್ನು ಓಮದ ಎಲೆಯೆಂದೇ ಕರೆಯುತ್ತಾರೆ. ವಾಸನೆಯಲ್ಲಿ ಹೋಲಿಕೆಯುಂಟು, ನಿಜ. ಆದರೆ ಅಂಗಡಿಯಲ್ಲಿ ದೊರೆಯುವ ಓಮದ ಕಾಳು ಬೇರೊಂದು ಗಿಡದ್ದು. ಆ ಕಾಳನ್ನು ಬಿತ್ತಿ ದೊಡ್ಡಪತ್ರೆಗಾಗಿ ಕಾದರೆ ಕಾದದ್ದೇ ಬಂತು.

ತುಳಸಿಯ ಆರೈಕೆ

ತುಳಸಿ ನಿತ್ಯದ ಗಮನವನ್ನು ಬೇಡುವ ಗಿಡ. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಬೇಸಗೆಯಲ್ಲಿ ದಿನವೂ ನೀರು ಬೇಕು. ಎರಡು ದಿನ ಮರೆತರೆ ಎಲೆ ಬಾಡಿ, ನಾಲ್ಕು ದಿನ ಮರೆತರೆ ಕಡ್ಡಿಯಾಗುತ್ತದೆ. ಬೀಜ ಬಹಳ ಸಣ್ಣದಾದುದರಿಂದ ಆಳಕ್ಕೆ ಹೂಳದೆ, ಮೇಲ್ಮಣ್ಣಿನ ಮೇಲೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಬೇಕು. ಒಂದೆರಡು ವಾರದಲ್ಲಿ ಮೊಳೆಯುತ್ತದೆ.

ಅನೇಕರು ತಿಳಿಯದ ಸಂಗತಿ ಮಂಜರಿಯದು. ಹೂತೆನೆ ತುಂಬಿದಷ್ಟೂ ಗಿಡಕ್ಕೆ ಶೋಭೆಯೆಂದು ಅದನ್ನು ಹಾಗೆಯೇ ಬಿಡುತ್ತಾರೆ. ಬೀಜ ಕಟ್ಟುವುದರಲ್ಲಿ ಗಿಡದ ಶಕ್ತಿಯೆಲ್ಲ ವ್ಯಯವಾಗಿ ಎಲೆ ಕಿರಿದಾಗುತ್ತದೆ, ಆಯುಸ್ಸು ಕುಂದುತ್ತದೆ. ಬೀಜಕ್ಕೆಂದು ಒಂದೆರಡು ತೆನೆ ಬಿಟ್ಟು ಉಳಿದವನ್ನು ಎಳೆಯದರಲ್ಲೇ ಚಿವುಟಬೇಕು. ಎಷ್ಟು ಆರೈಕೆ ಮಾಡಿದರೂ ಕುಂಡದ ತುಳಸಿ ಎರಡು ಮೂರು ವರ್ಷದಲ್ಲಿ ಬಲಿತು ಕಟ್ಟಿಗೆಯಾಗುವುದು ಸಹಜ; ಅಷ್ಟರಲ್ಲಿ ಹೊಸ ಸಸಿ ಸಿದ್ಧವಿರಬೇಕು. ಗಿಡ ಒಣಗಿತೆಂದು ಅಪಶಕುನವೆಣಿಸಿ ಕೊರಗುವುದು ಬೇಡ.

ದೊಡ್ಡಪತ್ರೆಯ ಆರೈಕೆ

ಇದರ ಸ್ವಭಾವವೇ ಬೇರೆ. ದಪ್ಪನೆಯ ಎಲೆಯಲ್ಲೂ ಕಾಂಡದಲ್ಲೂ ನೀರನ್ನು ಕೂಡಿಟ್ಟುಕೊಳ್ಳುವ ಗಿಡವಾದುದರಿಂದ ನಾಲ್ಕೈದು ದಿನ ನೀರಿಲ್ಲದೆಯೂ ತಾಳಿಕೊಳ್ಳುತ್ತದೆ. ಅರೆನೆರಳೂ ಸಾಕು. ಬೀಜದ ಗೊಡವೆಯಿಲ್ಲ, ನಾಲ್ಕು ಬೆರಳು ಉದ್ದದ ಗೆಲ್ಲನ್ನು ಮುರಿದು, ಕೆಳಗಿನ ಎಲೆ ತೆಗೆದು ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ.

ಇದಕ್ಕೆ ಶತ್ರು ನೀರಿನ ಕೊರತೆಯಲ್ಲ, ನೀರಿನ ಅತಿರೇಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಸಾಮಾನ್ಯವಾಗಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಎಣ್ಣೆಡಬ್ಬದ ಅಡಿಗೆ ತೂತು ಕೊರೆಯದೆ ಮಣ್ಣು ತುಂಬಿ ನಾವು ನೆಟ್ಟ ಮೊದಲ ದೊಡ್ಡಪತ್ರೆ ಜುಲೈ ಮುಗಿಯುವುದರೊಳಗೆ ಬುಡ ಕೊಳೆತು ಮಲಗಿತು. ಸಾಲದುದಕ್ಕೆ ನಮ್ಮ ಹುಡುಗರು ಗ್ಲಾಸಿನಲ್ಲುಳಿದ ಚಹಾವನ್ನೂ ಅದಕ್ಕೇ ಸುರಿಯುತ್ತಿದ್ದರು. ಹಾಲು ಸಕ್ಕರೆ ಸೇರಿದ ಚಹಾ ಗೊಬ್ಬರವಲ್ಲ, ಇರುವೆಗೆ ಆಮಂತ್ರಣ. ಅಡಿಗೆ ಮೂರು ನಾಲ್ಕು ತೂತು, ಮಣ್ಣಿನೊಡನೆ ಮೂರನೆಯ ಒಂದು ಪಾಲು ಮರಳು, ಮಳೆಗಾಲದಲ್ಲಿ ಸೂರಿನಡಿಯ ಜಾಗ, ಇಷ್ಟು ಮಾಡಿದರೆ ಸಾಕು.

ದಿಲ್ಲಿಯ ವಾಚಕರಿಗೆ ಒಂದು ಸೂಚನೆ. ಎರಡೂ ಬೆಚ್ಚನೆಯ ನಾಡಿನ ಗಿಡಗಳು. ಡಿಸೆಂಬರ್ ಜನವರಿಗಳ ರಾತ್ರಿಯಲ್ಲಿ ಒಳಗಿಟ್ಟುಕೊಳ್ಳದಿದ್ದರೆ ಎರಡೂ ಉಳಿಯುವುದು ಕಷ್ಟ.

ಉಪಯೋಗ

ತುಳಸಿಯದು ದೇವರ ಮನೆ, ದೊಡ್ಡಪತ್ರೆಯದು ಅಡಿಗೆಮನೆ. ತೀರ್ಥಕ್ಕೆ, ಅರ್ಚನೆಗೆ, ಕಾರ್ತಿಕದ ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆಯೊಡನೆ ನಡೆಯುವ ಪೂಜೆಗೆ ತುಳಸಿಯೇ ಬೇಕು. ಸಾರು ಪಲ್ಯಗಳಿಗೆ ನಮ್ಮವರು ಅದನ್ನು ಹಾಕುವ ರೂಢಿಯಿಲ್ಲ. ದೊಡ್ಡಪತ್ರೆಯಾದರೋ ಬಜ್ಜಿಗೂ ಸೈ, ಚಟ್ನಿಗೂ ಸೈ. ಹತ್ತು ಹನ್ನೆರಡು ಎಲೆಗಳನ್ನು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಬಾಡಿಸಿ, ಹಿಡಿ ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕದಡಿ ಉಪ್ಪಿಟ್ಟರೆ ತಂಬುಳಿ ಸಿದ್ಧ. ಕುದಿಸುವ ಕೆಲಸವಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ತಣ್ಣನೆಯ ಅನ್ನದೊಡನೆ ಇದಕ್ಕಿಂತ ಹಿತವಾದುದಿಲ್ಲ.

ನೆಗಡಿ ಕೆಮ್ಮಿಗೆ ಎರಡೂ ಮನೆಮದ್ದು. ಎಲೆಯ ರಸವನ್ನು ಜೇನುತುಪ್ಪದಲ್ಲಿ ಕೊಡುವುದು ನಮ್ಮ ತಾಯಂದಿರ ವಾಡಿಕೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೂಡದೆಂದು ಇಂದಿನ ವೈದ್ಯರು ಖಂಡಿತವಾಗಿ ಹೇಳುತ್ತಾರೆ.

ನಮ್ಮ ತಪ್ಪು

ಇನ್ನು, ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿ. ಒಂದು ಮಳೆಗಾಲದಲ್ಲಿ ನಮ್ಮ ಹೋಟೆಲಿನ ಹುಡುಗನೊಬ್ಬನಿಗೆ ಜ್ವರ ಬಂತು. ನಾವು ತುಳಸಿ, ಶುಂಠಿ, ಕಾಳುಮೆಣಸಿನ ಕಷಾಯ ಮಾಡಿಸಿ ಎರಡು ಹೊತ್ತೂ ಕುಡಿಸಿದೆವು. “ನಾಳೆ ಕೆಲಸಕ್ಕೆ ಬರ್ತೇನೆ ಅಣ್ಣ” ಎಂದು ಅವನು ಮೂರು ದಿನವೂ ಹೇಳಿದ. ನಾವು ಮೂರು ದಿನವೂ ನಂಬಿದೆವು. ನಾಲ್ಕನೆಯ ಬೆಳಗ್ಗೆ ಅವನ ವಸಡಿನಲ್ಲಿ ರಕ್ತ ಕಂಡಾಗ ಆಸ್ಪತ್ರೆಗೆ ಒಯ್ದೆವು. ಡೆಂಗೆ ಎಂದರು. ಒಂದು ವಾರ ಮಲಗಿ ಹುಡುಗ ಬದುಕಿದ. ಊರಿನಲ್ಲಿದ್ದ ಅವನ ತಾಯಿಗೆ ಫೋನು ಮಾಡಲು ಕೈಗೆತ್ತಿಕೊಂಡು ಕೆಳಗಿಟ್ಟ ಆ ಸಂಜೆಯನ್ನು ನಾವು ಮರೆತಿಲ್ಲ.

ಎರಡು ದಿನದ ಮೇಲೆ ನಗರಸಭೆಯ ಸಿಬ್ಬಂದಿ ತಪಾಸಣೆಗೆ ಬಂದರು. ಹಿಂಬಾಗಿಲ ಕಟ್ಟೆಯ ಮೇಲಿನ ತುಳಸಿ ಕುಂಡವನ್ನು ಎತ್ತಿ, ಅದರ ಕೆಳಗಿನ ತಟ್ಟೆಯನ್ನು ನಮಗೆ ತೋರಿಸಿದರು. ನಿಂತ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಹುಡುಗನನ್ನು ಕಚ್ಚಿದ ಸೊಳ್ಳೆ ಆ ತಟ್ಟೆಯದೇ ಎಂದು ಯಾರೂ ಹೇಳಲಾರರು. ಅಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ತುಳಸಿಯಿದ್ದಲ್ಲಿ ಸೊಳ್ಳೆ ಸುಳಿಯದೆಂದು ನಂಬಿದ್ದವರು ನಾವು.

ಡೆಂಗೆಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ಕುಂಡದ ಕೆಳಗೆ ತಟ್ಟೆಯನ್ನು ಇಡದಿರುವುದೇ ಒಳ್ಳೆಯದು. ಇಡಲೇಬೇಕಾದರೆ ವಾರಕ್ಕೆ ಎರಡು ಬಾರಿ ಚೆಲ್ಲಿ, ಅಂಚನ್ನು ತಿಕ್ಕಿ ತೊಳೆಯಬೇಕು; ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಜ್ವರ ಬಂದರೆ ಮೊದಲು ರಕ್ತಪರೀಕ್ಷೆ. ಕಷಾಯ ಬೇಕಾದರೆ ಆಮೇಲೆ.

ಯಾರಿಗೆ ಯಾವುದು?

ಸಂಸಾರವಂದಿಗರು, ಮನೆಯಲ್ಲಿ ದಿನವೂ ನೀರೆರೆಯುವ ಒಂದು ಕೈಯಿರುವವರು, ಬಿಸಿಲು ಬೀಳುವ ಗ್ಯಾಲರಿಯುಳ್ಳವರು ತುಳಸಿಯನ್ನು ಇಡಲಿ. ಪಾಳಿಯ ಕೆಲಸದವರು, ಒಂದು ಕೋಣೆಯಲ್ಲಿ ಆರು ಮಂದಿ ಇರುವವರು, ವರ್ಷಕ್ಕೊಮ್ಮೆ ಹದಿನೈದು ದಿನ ಬಾಗಿಲು ಹಾಕಿ ಊರಿಗೆ ಹೋಗುವ ಗುಮಾಸ್ತರು ದೊಡ್ಡಪತ್ರೆಯನ್ನು ಇಡಲಿ. ಹಿಂದಿರುಗಿದಾಗ ಅದು ಬಳಲಿದ್ದರೂ ಬಹುಮಟ್ಟಿಗೆ ಬದುಕಿರುತ್ತದೆ. ಅಕಸ್ಮಾತ್ ಸತ್ತರೂ ನೆರೆಯವರಿಗೆ ಕೊಟ್ಟಿದ್ದ ಗೆಲ್ಲಿನಿಂದ ಮರಳಿ ಪಡೆಯಬಹುದು.

ಆ ಹುಡುಗ ಈಗ ಬೇರೊಂದು ಹೋಟೆಲಿನಲ್ಲಿ ಕ್ಯಾಶಿಯರ್. ನಮ್ಮ ಕಚೇರಿಯ ಕಿಟಕಿಯಲ್ಲಿರುವ ದೊಡ್ಡಪತ್ರೆ ಅವನೇ ತಂದುಕೊಟ್ಟದ್ದು. ಕೊಡುವಾಗ, “ಅಣ್ಣ, ಅಡಿಗೆ ತಟ್ಟೆ ಇಡಬೇಡಿ” ಎಂದ. ಇಟ್ಟಿಲ್ಲ.