ಹೊಸ ಇಂಪೆಲ್ಲರ್ ಹಾಕಿದ್ರೂ ದೋಣಿ ಇಂಜಿನ್ ಬಿಸಿ ಆಗೋದ್ಯಾಕೆ? ಪಾರ್ಟು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಗಂಗೊಳ್ಳಿ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಈ ನಿಷೇಧ ತಟ್ಟದ್ದು 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗಳಿಗೆ. ಆದರೆ ಮಳೆಗಾಲದಲ್ಲಿ ಕಡಲು ಇಳಿಯಲು ಬಿಡುವ ದಿನಗಳೇ ಕಡಿಮೆ. ಸಿಗುವ ನಾಲ್ಕು ದಿನದಲ್ಲಿ ಇಂಜಿನ್ ಕೈಕೊಟ್ರೆ ಸೀಸನ್ನೇ ಹೋಯ್ತು. ಅದಕ್ಕೇ ಮೇ ತಿಂಗಳು ಬಂತು ಅಂದ್ರೆ ನಮ್ಮ ಕಡೆ ಔಟ್‌ಬೋರ್ಡ್ ಇಂಜಿನ್ ಬಿಚ್ಚಿ ಸರಿ ಮಾಡಿಸುವ ಗಡಿಬಿಡಿ. ಪ್ಲಗ್ಗು, ಗೇರ್ ಆಯಿಲ್, ಇಂಪೆಲ್ಲರ್ ಎಲ್ಲ ಹೊಸದು ಬೀಳುತ್ತದೆ. ಆದ್ರೂ ಮೊದಲ ವಾರದಲ್ಲೇ ಒಂದಿಷ್ಟು ಇಂಜಿನ್‌ಗಳು ಬಿಸಿಯಾಗಿ ವಾಪಸ್ ಬರ್ತಾವೆ.

ಹೋದ ಮಳೆಗಾಲದಲ್ಲಿ ನನ್ನ ಭಾವನ ದೋಣಿಗೂ ಇದೇ ಆಯ್ತು. ಇಂಪೆಲ್ಲರ್ ಅವರೇ ಬದಲಿಸಿದ್ದರು. ಕಂಪನಿ ಪಾರ್ಟಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿದ ಲೋಕಲ್ ಮಾಲು. ಮನೆ ಅಂಗಳದಲ್ಲಿ ಡ್ರಮ್ಮಿಗೆ ನೀರು ತುಂಬಿಸಿ ಸ್ಟಾರ್ಟ್ ಮಾಡಿದಾಗ ಪೈಲಟ್ ನೀರು ಚೆನ್ನಾಗೇ ಬಂತು. ಮೂರನೇ ಟ್ರಿಪ್ಪಲ್ಲಿ ವಾಪಸ್ ಬರುವಾಗ ಅಳಿವೆ ಬಾಗಿಲಲ್ಲೇ ಇಂಜಿನ್ನಿನ ಸ್ವರ ಬಿದ್ದು ಗಪ್ ಅಂತ ನಿಂತಿತು. ಐದು ಹೊಳೆ ಸೇರುವ ಜಾಗ, ಮೇಲಿಂದ ತೆರೆ. ಅಲ್ಲಿ ಇಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿ ಮಗುಚೋದಕ್ಕೆ ಒಂದು ತೆರೆ ಸಾಕು. ಹಿಂದೆ ಬರ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದದ್ದರಿಂದ ಬಚಾವ್.

ಮೆಕ್ಯಾನಿಕ್ ಹತ್ರ ಬಿಚ್ಚಿಸಿದಾಗ ಪಿಸ್ಟನ್ ಗೀರಿ ಜಾಮ್ ಆಗಿತ್ತು. "ನೀರ್ ಬತ್ತಾ ಇತ್ತಲ್ಲ ಮಾರಾಯ, ಮತ್ತೆಂತಕ್ ಬಿಸಿ ಆಯ್ತ್?" ಅಂತ ಭಾವ ಕೇಳಿದರು. ಮೆಕ್ಯಾನಿಕ್ ಏನೂ ಹೇಳದೆ ಹಳೆ ಇಂಪೆಲ್ಲರ್, ಹೊಸ ಇಂಪೆಲ್ಲರ್ ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಹೊಸದು ಹಳೆಯದಕ್ಕಿಂತ ಒಂದು ಪೋಸ್ಟ್ ಕಾರ್ಡ್ ದಪ್ಪದಷ್ಟು ಗಿಡ್ಡ. ಎಲ್ಲ ರಗಳೆಗೂ ಕಾರಣ ಅಷ್ಟೇ.

ಅಷ್ಟು ಸಣ್ಣ ವ್ಯತ್ಯಾಸ ಇಷ್ಟು ದೊಡ್ಡ ಕೆಲಸ ಹೇಗೆ ಮಾಡ್ತದೆ ಅಂತ ನನಗೂ ಅರ್ಥ ಆಗಲಿಲ್ಲ. ಮೂರು ದಿನ ಅಲ್ಲೇ ಕೂತು ನೋಡಿದ ಮೇಲೆ ಗೊತ್ತಾಯ್ತು.

ಔಟ್‌ಬೋರ್ಡಿಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಕೆಳಗೆ ಗೇರ್‌ಬಾಕ್ಸಿನ ಮೇಲ್ಗಡೆ ಒಂದು ಸಣ್ಣ ಪಂಪು ಇದೆ. ಅದರೊಳಗೆ ರಬ್ಬರ್ ಎಸಳುಗಳಿರುವ ಚಕ್ರವೇ ಇಂಪೆಲ್ಲರ್. ಪ್ರೊಪೆಲ್ಲರ್ ತಿರುಗಿಸುವ ಉದ್ದ ಶಾಫ್ಟೇ ಇದನ್ನೂ ತಿರುಗಿಸುತ್ತದೆ, ನಡುವೆ ಒಂದು ಪುಟ್ಟ ಕೀ. ಪಂಪಿನ ಬಟ್ಟಲು ಶಾಫ್ಟಿಗೆ ಸರಿಯಾಗಿ ನಡುವಲ್ಲಿ ಇರೋದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ಎಸಳು ಒಂದು ಕಡೆ ಅರಳುತ್ತದೆ, ಇನ್ನೊಂದು ಕಡೆ ಮಡಚುತ್ತದೆ. ಅರಳುವಾಗ ಕಡಲಿನ ನೀರು ಎಳೆದುಕೊಳ್ಳುತ್ತದೆ, ಮಡಚುವಾಗ ಮೇಲಕ್ಕೆ ದೂಡುತ್ತದೆ. ಆ ನೀರು ಒಂದು ಪೈಪಿನಲ್ಲಿ ಹತ್ತಿ, ಸಿಲಿಂಡರ್ ಸುತ್ತ ಓಡಿ, ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಚೂರು ನೀರು ಮಾತ್ರ ಹಿಂದಿನ ತೂತಿನಿಂದ ಚಿಮ್ಮುತ್ತದೆ, ನಾವು ಪೈಲಟ್ ನೀರು ಅನ್ನೋದು ಅದನ್ನೇ.

ಈಗ ಎಸಳು ಗಿಡ್ಡ ಇದ್ದರೆ ಮೇಲೆ ಕೆಳಗೆ ಸಂದು ಉಳಿಯುತ್ತದೆ. ದೂಡಿದ ನೀರು ಮೇಲೆ ಹತ್ತುವ ಬದಲು ಆ ಸಂದಿಯಲ್ಲಿ ವಾಪಸ್ ಜಾರುತ್ತದೆ. ಡ್ರಮ್ಮಿನಲ್ಲಿ ಲೋಡ್ ಇಲ್ಲದೆ ಐದು ನಿಮಿಷ ಓಡಿಸಿದರೆ ಇದು ಗೊತ್ತೇ ಆಗೋದಿಲ್ಲ, ಇಂಜಿನ್ ಹುಟ್ಟಿಸುವ ಶಾಖವೇ ಕಡಿಮೆ. ಬಲೆ, ಮೀನು, ಜನ ಎಲ್ಲ ಹೇರಿಕೊಂಡು ಫುಲ್ ಎಕ್ಸಲೇಟರಿನಲ್ಲಿ ಒಂದು ಗಂಟೆ ಓಡಿಸಿದಾಗ ಬೇಕಾದಷ್ಟು ನೀರು ಬರೋದಿಲ್ಲ. ಪೈಲಟ್ ನೀರು ಆಗಲೂ ಬರುತ್ತಿರುತ್ತದೆ. ಪಂಪು ಏನೋ ಒಂದಿಷ್ಟು ನೀರು ಕೊಡ್ತಾ ಇದೆ ಅನ್ನೋದಕ್ಕೆ ಅದು ಸಾಕ್ಷಿ, ಸಾಕಷ್ಟು ಕೊಡ್ತಾ ಇದೆ ಅನ್ನೋದಕ್ಕಲ್ಲ. ಭಾವ ಏಮಾರಿದ್ದು ಇಲ್ಲೇ.

ದಪ್ಪ ಜಾಸ್ತಿ ಆದ್ರೂ ಕಷ್ಟವೇ. ಎಸಳು ಬಟ್ಟಲಿಗೆ ಒತ್ತಿ ಉಜ್ಜಿ ರಬ್ಬರೇ ಬಿಸಿಯಾಗುತ್ತದೆ, ಕೀ ಮೇಲೆ ಭಾರ ಬಿದ್ದು ಅದು ತುಂಡಾಗುತ್ತದೆ. ಕೆಲವರು ಅರ ಹಾಕಿ ಉಜ್ಜಿ ಕೂರಿಸ್ತಾರೆ, ಅದು ಬೇಡ. ಇನ್ನೊಂದು ಕಣ್ಣಿಗೆ ಕಾಣದ ದೋಷ ಇದೆ. ನಡುವಿನ ಲೋಹದ ಬುಷ್ಷಿಗೆ ರಬ್ಬರ್ ಸರಿಯಾಗಿ ಅಂಟಿರೋದಿಲ್ಲ. ಶಾಫ್ಟೂ ಬುಷ್ಷೂ ತಿರುಗುತ್ತಿರುತ್ತದೆ, ರಬ್ಬರ್ ನಿಂತಲ್ಲೇ ನಿಂತಿರುತ್ತದೆ. ಬುಷ್ಷನ್ನು ಒಂದು ಕೈಯಲ್ಲಿ ಹಿಡಿದು ಎಸಳನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ತಿರುಚಿ ನೋಡಿ. ಚೂರು ಅಲುಗಾಡಿದ್ರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಾಗಂತ ಲೋಕಲ್ ಪಾರ್ಟು ಎಲ್ಲ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಕಂಪನಿ ಮಾಲು ಸಿಗದ ಹಳೆ ಇಂಜಿನ್‌ಗಳು ಬದುಕಿರೋದೇ ಅದರಿಂದ. ಕೆಲವು ಕಂಪನಿ ಪಾರ್ಟಿಗೆ ಸಮ ಇರ್ತಾವೆ. ತೊಂದರೆ ಏನಂದ್ರೆ ಅಳತೆ ಮಾಡದೆ "ಇದೇ ಹಿಡಿತದೆ" ಅಂತ ಕೊಡೋದು, "ಹಿಡಿತಲ್ಲ" ಅಂತ ಹಾಕೋದು. ಶಾಫ್ಟಿಗೆ ಹಿಡಿಯೋದೇ ಬೇರೆ, ಪಂಪಿಗೆ ಹೊಂದೋದೇ ಬೇರೆ.

ಅಂಗಡಿಗೆ ಹೋಗುವಾಗ ಹಳೆ ಇಂಪೆಲ್ಲರ್ ಮಾತ್ರ ಅಲ್ಲ, ಪಂಪಿನ ಬಟ್ಟಲನ್ನೂ ತೆಗೆದುಕೊಂಡು ಹೋಗಿ. ಹೊಸದನ್ನು ಬಟ್ಟಲಲ್ಲಿ ಕೂರಿಸಿ, ಬಾಯಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಡಿ. ಸ್ಕೇಲಿಗೂ ರಬ್ಬರಿಗೂ ನಡುವೆ ಬೆಳಕು ಕಂಡರೆ ಆ ಪಾರ್ಟು ಬೇಡ, ಮೇಲಿಂದ ಗ್ಯಾಸ್ಕೆಟ್ ದಪ್ಪ ಬೇರೆ ಸೇರುತ್ತದೆ. ಹಳೆಯದು ಸವೆದಿರೋದರಿಂದ ಹೊಸದು ಅದಕ್ಕಿಂತ ಚೂರು ಎತ್ತರವೇ ಇರಬೇಕು. ಎಸಳಿನ ಲೆಕ್ಕ, ನಡುವಿನ ತೂತು, ಕೀ ಕೂರುವ ಗಾಡಿಯ ಅಗಲ ಇದನ್ನೂ ನೋಡಿ. ವರ್ನಿಯರ್ ಕ್ಯಾಲಿಪರ್ ಇದ್ರೆ ಒಳ್ಳೇದು. ನಾನು ಅದನ್ನು ಕಾಲೇಜು ಲ್ಯಾಬಿನಲ್ಲಿ ಹಿಡಿದದ್ದು ಬಿಟ್ಟರೆ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಈಗಲೇ.

ಅಂಗಡಿಯವರಿಗೂ ಒಂದು ಮಾತು. ಇಂಜಿನ್ನಿನ ಎಚ್‌ಪಿ ಕೇಳಿ ಪಾರ್ಟು ಕೊಡಬೇಡಿ, ಒಂದೇ ಎಚ್‌ಪಿಯಲ್ಲಿ ಬೇರೆ ಬೇರೆ ಮಾಡೆಲ್ ಇರ್ತಾವೆ. ಪಾರ್ಟ್ ನಂಬರ್ ಕೇಳಿ. ಯಮಹಾ ನಂಬರಿನಲ್ಲಿ ನಡುವೆ 44352 ಅಂತ ಇದ್ದರೆ ಅದು ಇಂಪೆಲ್ಲರ್, ಅದರ ಮುಂದಿನ ಮೂರು ಅಕ್ಷರ-ಅಂಕಿ ಯಾವ ಮಾಡೆಲ್ ಅನ್ನೋದು ಹೇಳುತ್ತದೆ. ನಡುವಿನದ್ದು ಸರಿ ಇದ್ದು ಮುಂದಿನದ್ದು ತಪ್ಪಿದರೆ ನೋಡೋದಕ್ಕೆ ಒಂದೇ ಥರ ಇರುವ ಬೇರೆ ಮಾಲು ಸಿಗುತ್ತದೆ. ಬಿಲ್ಲಿನಲ್ಲಿ ಬರೀ "ಇಂಪೆಲ್ಲರ್ 1" ಅಂತ ಬರೆಯದೆ ಆ ನಂಬರನ್ನೂ ಬರೆದು ಕೊಡಿ. ನಾಳೆ ಬದಲಿಸಿ ಕೊಡಬೇಕಾಗಿ ಬಂದ್ರೆ ನಿಮಗೂ ಹೋಲ್‌ಸೇಲ್‌ನವರ ಹತ್ರ ಮಾತಾಡಲಿಕ್ಕೆ ಆಗುತ್ತದೆ. ಗಿರಾಕಿಗಳೂ ಅಷ್ಟೇ, ಬಿಲ್ ಇಲ್ಲದೆ ತಂದ ಪಾರ್ಟಿಗೆ ಗ್ರಾಹಕರ ಆಯೋಗಕ್ಕೆ ಹೋದ್ರೂ ತೋರಿಸೋದಕ್ಕೆ ಏನೂ ಇರೋದಿಲ್ಲ.

ಈಗಾಗಲೇ ಸಂದು ಇರುವ ಪಂಪಿಗೆ ನಮ್ಮಲ್ಲಿ ಮಾಡುವ ಉಪಾಯ ಸಿಲಿಕಾನ್ ಪೇಸ್ಟು ಬಳಿಯೋದು, ಇಲ್ಲಾ ಎರಡು ಗ್ಯಾಸ್ಕೆಟ್ ಹಾಕೋದು. ಎರಡನೇ ಗ್ಯಾಸ್ಕೆಟ್ ಸಂದನ್ನು ಮುಚ್ಚೋದಿಲ್ಲ, ಇನ್ನೂ ದೊಡ್ಡದು ಮಾಡುತ್ತದೆ. ಒಳಗೆ ಇಣುಕಿದ ಸಿಲಿಕಾನ್ ಕಿತ್ತು ಹೋಗಿ ನೀರಿನ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸರಿಯಾದ ದಾರಿ ಅಂದ್ರೆ ಬಟ್ಟಲು ಮತ್ತು ಕೆಳಗಿನ ಸ್ಟೀಲ್ ಪ್ಲೇಟು ನೋಡೋದು. ಅಳಿವೆಯ ಮರಳು ಇವೆರಡನ್ನೂ ತಿನ್ನುತ್ತದೆ. ಪ್ಲೇಟಿನಲ್ಲಿ ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಉಪಯೋಗ ಇಲ್ಲ, ಪ್ಲೇಟೂ ಬದಲಿಸಿ. ಬಿಡಿಬಿಡಿ ತರುವ ಬದಲು ಪೂರ್ತಿ ಪಂಪ್ ಕಿಟ್ ತಂದರೆ ಕೊನೆಗೆ ಅಗ್ಗವೇ.

ಕೂರಿಸುವಾಗ ಸೋಪು ನೀರು ಹಚ್ಚಿ. ಬಟ್ಟಲನ್ನು ಕೆಳಗೆ ಒತ್ತುತ್ತಾ ಶಾಫ್ಟನ್ನು ಇಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಸಾಮಾನ್ಯವಾಗಿ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ. ಎಸಳುಗಳು ಆಗ ಸರಿಯಾದ ಕಡೆಗೆ ಬಾಗುತ್ತವೆ. ಹಳೆ ಇಂಪೆಲ್ಲರಿನ ಎಸಳು ತುಂಡಾಗಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ, ಅದು ಮೇಲೆ ಪೈಪಿನಲ್ಲೋ ಥರ್ಮೋಸ್ಟಾಟ್ ಹತ್ರವೋ ಕೂತಿರುತ್ತದೆ. ಪೈಪಿನ ಬುಡದ ರಬ್ಬರ್ ಸೀಲ್ ಸಡಿಲ ಇದ್ದರೆ ಅದನ್ನೂ ಬದಲಿಸಿ.

ಥರ್ಮೋಸ್ಟಾಟ್ ವಿಷಯ ಬಂತು ಅಂತ ಹೇಳ್ತೇನೆ. ಕಡಲಿನ ನೀರಲ್ಲಿ ಓಡುವ ಔಟ್‌ಬೋರ್ಡಿನ ಥರ್ಮೋಸ್ಟಾಟ್ ಹೆಚ್ಚಾಗಿ 50–60 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಕಾರಿನದ್ದು 80 ದಾಟಿದ ಮೇಲೆ. ಸೈಜು ಸರಿ ಇದೆ ಅಂತ ಕಾರಿನದ್ದು ಕೂರಿಸಿದರೆ ಸಿಲಿಂಡರ್ ಸುತ್ತ ಉಪ್ಪು ಕಟ್ಟಿಕೊಳ್ಳುತ್ತದೆ. ಇದರ ರಗಳೆಯೇ ಬೇಡ ಅಂತ ತೆಗೆದು ಬಿಸಾಡುವವರೂ ಇದ್ದಾರೆ. ಸೀಮೆಎಣ್ಣೆಯ ಇಂಜಿನ್ನಿಗೆ ಅದೂ ಒಳ್ಳೇದಲ್ಲ. ಇಂಜಿನ್ ತಣ್ಣಗೇ ಇದ್ದರೆ ಸೀಮೆಎಣ್ಣೆ ಸರಿಯಾಗಿ ಆವಿಯಾಗೋದಿಲ್ಲ, ಪ್ಲಗ್ಗಿಗೆ ಕರಿ ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸೋದು ಇದಕ್ಕೇ. ನಿಮ್ಮ ಮಾಡೆಲಿಗೆ ಎಷ್ಟು ಡಿಗ್ರಿಯದ್ದು ಅಂತ ಇಂಜಿನ್ ಜೊತೆ ಕೊಟ್ಟ ಪುಸ್ತಕ ನೋಡಿ, ಪಾರ್ಟನ್ನು ಬಿಸಿನೀರಿನ ಪಾತ್ರೆಗೆ ಹಾಕಿ ಎಷ್ಟಕ್ಕೆ ತೆರೆಯುತ್ತದೆ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು.

ಇಷ್ಟೆಲ್ಲ ಆದ ಮೇಲೆ ಡ್ರಮ್ಮಿನಲ್ಲಿ ನೋಡಿ ಸುಮ್ಮನಾಗಬೇಡಿ, ಹೊಳೆಯಲ್ಲಿ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ನೀರಿಲ್ಲದೆ ಮಾತ್ರ "ಬರೀ ಸೌಂಡ್ ಕೇಳುವ" ಅಂತಲೂ ಸ್ಟಾರ್ಟ್ ಮಾಡಬೇಡಿ, ಒಣ ರಬ್ಬರ್ ಸುಟ್ಟುಹೋಗೋದಕ್ಕೆ ಒಂದು ನಿಮಿಷವೂ ಬೇಡ. ಪೈಲಟ್ ನೀರಿಗೆ ಕೈ ಒಡ್ಡಿದರೆ ಉಗುರುಬೆಚ್ಚಗೆ ಇರಬೇಕು. ಕೈ ಸುಡ್ತಾ ಇದ್ದರೆ, ಹಬೆ ಬಂದರೆ ಕೂಡಲೇ ಎಕ್ಸಲೇಟರ್ ಇಳಿಸಿ. ನೀರೇ ಬಾರದಿದ್ದರೆ ಇಂಜಿನ್ ನಿಲ್ಲಿಸಿ, ಕೆಳಗೆ ನೀರು ಎಳೆಯುವ ಜಾಲಿಗೆ ಪ್ಲಾಸ್ಟಿಕ್ ಕವರ್ ಅಂಟಿದೆಯಾ ನೋಡಿ, ಪೈಲಟ್ ತೂತಿಗೆ ಗಾಳದ ನೈಲಾನ್ ದಾರ ತೂರಿಸಿ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಭಾವನಿಗೆ ಆ ಸಲ ಬೋರು, ಪಿಸ್ಟನ್ನು ಎಲ್ಲ ಸೇರಿ ಆದ ಖರ್ಚು ಇಂಪೆಲ್ಲರಿನಲ್ಲಿ ಉಳಿಸಿದ್ದರ ಎಷ್ಟೋ ಪಾಲು. ಈ ವರ್ಷ ಪೂರ್ತಿ ಕಿಟ್ ತಂದು ಹಾಕಿದ್ದಾರೆ. ಆದ್ರೂ ವಾಪಸ್ ಬರುವಾಗ ಅಳಿವೆಗೆ ನುಗ್ಗುವ ಮೊದಲು ಹೊರಗೇ ಎರಡು ನಿಮಿಷ ನಿಲ್ಲಿಸಿ, ಹಿಂದೆ ಬಗ್ಗಿ ಪೈಲಟ್ ನೀರಿಗೆ ಕೈ ಒಡ್ಡಿಯೇ ಒಳಗೆ ಬರೋದು.